ತೊಳೆಯುವವಳ ಎರಡು ನಿಮಿಷ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಳದಿಯಾಗಿರುತ್ತಿತ್ತು. ಎಡಗೈಯದೂ ಇರಬಹುದು, ಅವರ ವಿಷಯದಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹೊಟ್ಟೆಕಿಚ್ಚು ಪಟ್ಟವನ ನೆನಪು ತನಗೆ ಬೇಕಾದ ಕಡೆಗೆ ವಾಲುತ್ತದೆ.

ವಿದೇಶದ ಈಸ್ಟ್‌ಗೇಟ್ ಎಂಬಲ್ಲಿನ ಆಫೀಸಿನಲ್ಲಿ ನಾವು ಆಸ್ಪತ್ರೆಗಳಿಗೆ, ಕೈಯಲ್ಲಿ ಹಿಡಿದು ರೋಗಿಯ ಮೈಮೇಲೆ ಆಡಿಸುವ ಸ್ಕ್ಯಾನರ್ ವಿನ್ಯಾಸ ಮಾಡುತ್ತಿದ್ದೆವು. ಅವರು ಧಾರವಾಡದ ಕಡೆಯವರು, ತಂಡದ ಹಿರಿಯ ಎಂಜಿನಿಯರ್. ನಾನು ದೊಡ್ಡ ವಿಶ್ವವಿದ್ಯಾಲಯದಲ್ಲಿ ಡಿಸೈನ್ ಓದಿ ಬಂದವನು. ಹೊಸ ಮಾದರಿ ಬಂದರೆ ಅವರು ರಕ್ತ, ಜಿಡ್ಡಿನ ಬದಲಿಗೆ ಅರಿಶಿನವನ್ನು ತುಪ್ಪದಲ್ಲಿ ಕಲೆಸಿ ಅದಕ್ಕೆ ಬಳಿದು, ಒಣಗಿಸಿ, ವಿನ್ಯಾಸ ಮಾಡಿದವರ ಕೈಗೇ ಒದ್ದೆ ಬಟ್ಟೆ ಕೊಡುತ್ತಿದ್ದರು. ಒರೆಸಲು ಎರಡು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಪಕರಣ ತೊಳೆಯುವ ಹೆಂಗಸರ ಜೊತೆ ವಾರಗಟ್ಟಲೆ ನಿಂತು, ಒಂದೊಂದು ಉಪಕರಣಕ್ಕೆ ಆ ಹೆಂಗಸರಿಗೆ ಸಿಗುವುದು ಇಷ್ಟೇ ಎಂದು ಮೇಡಂ ಕಂಡುಕೊಂಡಿದ್ದ ಅವಧಿ ಅದು.

ನನ್ನ ಸ್ಕ್ಯಾನರ್ ಹಿಡಿಕೆಗೂ ಬಳಿದರು. ಎಷ್ಟು ಉಜ್ಜಿದರೂ ಬಟನ್ ಸುತ್ತಲಿನ ಸಂದಿಯಲ್ಲಿ ಹಳದಿ ಗೆರೆ ಉಳಿಯಿತು.

“ಬ್ರಷ್ ಹಾಕಿದ್ರೆ ಹೋಗುತ್ತೆ ಮೇಡಂ,” ಎಂದೆ.

“ನೀ ಬ್ರಷ್ ಹುಡುಕೋತನಕ ಪೇಷಂಟ್ ಕಾಯ್ತಾನೇನೋ ತಮ್ಮಾ? ಛಂದ ಅದ ಬಿಡು, ಶೋಕೇಸ್‌ನ್ಯಾಗ ಇಡೂಣು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಲವು ವಾರಗಳ ನಂತರ, ಬಟನ್ ಮೇಲೂ ಒಂದೇ ರಬ್ಬರ್ ಹೊದಿಕೆ ಹಾದುಹೋಗುವ, ಸಂದಿಯೇ ಇಲ್ಲದ ಹಿಡಿಕೆ ಮಾಡಿ ತಂದೆ. ಸ್ನೊಕ್ವಾಲ್ಮಿ ಬೆಟ್ಟದ ಕಡೆ ಡ್ರೈವ್ ಮಾಡುವಾಗ ಹೊಳೆದದ್ದೆಂದು ನನ್ನ ನೆನಪು. ಅರಿಶಿನ ಒಂದು ನಿಮಿಷದೊಳಗೆ ಹೋಯಿತು. ತಂಡದ ಮುಖ್ಯಸ್ಥನ ಹುದ್ದೆ ಆಗ ಖಾಲಿಯಿತ್ತು; ಸರದಿ ಮೇಡಂ ಅವರದು, ಆಸೆ ನನ್ನದೂ.

“ಯಾರ ಐಡಿಯಾ ಇದು?” ಬೆಂಗಳೂರಿನವರೇ ಆದ ನಮ್ಮ ಬಾಸ್ ಕೇಳಿದರು.

“ನಂದು,” ಎಂದೆ.

ಮೇಡಂ ಕನ್ನಡಕ ಒರೆಸುತ್ತ ನನ್ನನ್ನೊಮ್ಮೆ ನೋಡಿದರು. “ಹೌದ್ರಿ, ಕಷ್ಟಪಟ್ಟಾನ ಹುಡುಗ,” ಎಂದರು.

ಹುದ್ದೆ ನನಗೆ ಸಿಕ್ಕಿತು. ಹೊಟ್ಟೆಕಿಚ್ಚು ಆಗಲೂ ಆರಲಿಲ್ಲ. ಹೊಸ ಸ್ಕ್ಯಾನರ್ ಹಿಡಿದು ಆಸ್ಪತ್ರೆಗೆ ಹೋದರೆ, ತೊಳೆಯುವ ಹೆಂಗಸರು ನನ್ನ ಬೆನ್ನ ಹಿಂದೆ ಬಾಗಿಲತ್ತ ನೋಡಿ, ಮೇಡಂ ಬರಲಿಲ್ಲವೇ ಎಂದು ಕೇಳುತ್ತಿದ್ದರು. ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಮೇಡಂ ಮಾತ್ರ ನನ್ನ ಕೈಕೆಳಗೆ ಮೊದಲಿನಂತೆಯೇ ಅರಿಶಿನ ಕಲೆಸಿಕೊಂಡಿದ್ದರು.

ಕಳೆದ ವರ್ಷ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ತಂಡದ ಸರ್ವರ್‌ನಲ್ಲಿದ್ದ ಅವರ ಫೈಲುಗಳನ್ನು ವಿಂಗಡಿಸುವ ಕೆಲಸ ಮುಖ್ಯಸ್ಥನಾದ ನನಗೇ ಬಂತು. ಅವುಗಳಲ್ಲಿ ಅವರೇ ಬರೆದ, ಸಂದಿಯಿಲ್ಲದ ಹಿಡಿಕೆಯ ಒಂದು ಚಿತ್ರವಿತ್ತು. ಯಾರು ಯಾವಾಗ ತೆರೆದರೆಂಬ ದಾಖಲೆಯನ್ನು ಎರಡು ಸಲ ಪರಿಶೀಲಿಸಿದೆ. ಅವರನ್ನು ಬಿಟ್ಟರೆ ಅದನ್ನು ತೆರೆದವನು ಒಬ್ಬನೇ: ನಾನು, ನನ್ನ ಹಿಡಿಕೆಯ ಚಿತ್ರ ಶುರುಮಾಡಿದ ದಿನದ ಹಿಂದಿನ ಸೋಮವಾರ.