ದೊಡ್ಡಮ್ಮನ ಮುನಿಸೂ ಮೆಮೊರಿ ಚಿಪ್ಪೂ

ತಿ. ನರಸೀಪುರದ ನಮ್ಮ ದೊಡ್ಡಮ್ಮ ಬೆಳಗಿನ ಕಾಫಿ ಲೋಟವನ್ನು ಕೆಳಗಿಡುವ ಮುನ್ನ ಒಂದು ಹಳೆಯ ಅವಮಾನವನ್ನು ನೆನೆಯದೆ ಬಿಟ್ಟವರಲ್ಲ. ನನ್ನ ಅಣ್ಣನ ಮದುವೆಯಲ್ಲಿ ಅಮ್ಮ, ಅಂದರೆ ಅವರ ಸ್ವಂತ ತಂಗಿ, ಅವರನ್ನು ಬೀಗರ ಜೊತೆ ಕೂರಿಸದೆ ಎರಡನೆಯ ಪಂಕ್ತಿಗೆ ನಿಲ್ಲಿಸಿದ್ದಳು. ಅಂದಿನಿಂದ ಅವರು ನಂಜನಗೂಡಿನ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಈಗ ಹೊಸ ಮನೆ ಎದ್ದಿತ್ತು. "ಅಕ್ಕ ಬರ್ದೆ ನಾನು ಹಾಲು ಉಕ್ಕಿಸಲ್ಲ" ಎಂದು ಅಮ್ಮ ಹಟ ಹಿಡಿದಳು. ಗೃಹಪ್ರವೇಶ ಹತ್ತಿರವಾದಾಗ ವಾರದ ಮಟ್ಟಿಗೆ ದೊಡ್ಡಮ್ಮನ ಮನೆಗೆ ರಾಯಭಾರಕ್ಕೆ ಹೊರಟವಳು, ಮನೆಯಲ್ಲೇ ಅತಿ ಕಡಿಮೆ ಮಾತಿನವಳಾದ ನಾನು.

ಆಗ ನಾನು ಎಲೆಕ್ಟ್ರಾನಿಕ್ಸಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕಂಪ್ಯೂಟರಿನ ನೆನಪು, ಮಿತ್ರರೇ, ನಾವು ತಿಳಿದಷ್ಟು ಗಟ್ಟಿಯಲ್ಲ. ಮರಳಿನಿಂದ ತೆಗೆದ ಸಿಲಿಕಾನನ್ನು ಕರಗಿಸಿ, ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು, ಬೆಳಕಿನಿಂದ ಪದರ ಪದರವಾಗಿ ಚಿತ್ರ ಮೂಡಿಸಿ, ಕಣ್ಣಿಗೆ ಕಾಣದ ಕೋಟ್ಯಂತರ ಕೋಶಗಳನ್ನು ಮಾಡುತ್ತಾರೆ. ಒಂದೊಂದು ಕೋಶವೂ ಚಿಟಿಕೆಯಷ್ಟು ವಿದ್ಯುತ್ತನ್ನು ಹಿಡಿದಿರುತ್ತದೆ. ಆದರೆ ಅದು ಸೋರುತ್ತದೆ, ಆದ್ದರಿಂದ ಬರಿದಾಗುವ ಮೊದಲೇ ಓದಿ ಮತ್ತೆ ಮತ್ತೆ ತುಂಬುತ್ತಿರಬೇಕು. ಚಿಪ್ಪನ್ನು ಸುಧಾರಿಸುವುದೆಂದರೆ ಕೋಶವನ್ನು ಕಿರಿದಾಗಿಸುವುದು, ಕಿರಿದರಲ್ಲೂ ಅಷ್ಟೇ ವಿದ್ಯುತ್ತು ನಿಲ್ಲಲೆಂದು ಆಳಕ್ಕೆ ಗುಂಡಿ ತೋಡುವುದು. ಚಿಕ್ಕ ಕಾರಣಕ್ಕೆ ಆಳವಾದ ಗುಂಡಿ ತೋಡುವ ಈ ವಿದ್ಯೆಯಲ್ಲಿ ದೊಡ್ಡಮ್ಮ ಎಲ್ಲ ಕಾರ್ಖಾನೆಗಳಿಗಿಂತ ಮುಂದಿದ್ದರು.

ಹಾಗಾದರೆ ಮತ್ತೆ ತುಂಬುವುದನ್ನು ತಪ್ಪಿಸಿದರೆ ಸಾಕಲ್ಲವೇ? ವಾರವೊಂದು ಆ ಕಥೆ ಹೇಳಗೊಡದಿದ್ದರೆ ಮುನಿಸು ತಾನಾಗಿ ಸೋರಿಹೋದೀತೆಂದು ಲೆಕ್ಕ ಹಾಕಿದೆ. ಅವರು "ನಿಮ್ಮಮ್ಮ ಅವತ್ತು..." ಎನ್ನುತ್ತಲೇ ನಾನು ಚಿಪ್ಪಿನ ತಯಾರಿಕೆ ಶುರು ಮಾಡುತ್ತಿದ್ದೆ.

"ಮರಳು ಕರಗ್ಸೋದು ನೆನ್ನೇನೇ ಆಯ್ತಲ್ಲೇ."

"ಇವತ್ತು ಗುಂಡಿ ತೋಡೋದು, ದೊಡ್ಡಮ್ಮ."

"ಎಷ್ಟು ಗುಂಡಿ?"

"ಕೋಟಿಗಟ್ಲೆ."

"ಎಲ್ಲಾನೂ ಹೇಳ್ತೀಯೇನೇ?"

ದೊಡ್ಡಮ್ಮ ಲೋಟ ಹಿಡಿದು ಹಿತ್ತಿಲಿಗೆ ಹೋದರು. ನಾನೂ ಹಿಂದೆಯೇ ಹೋದೆ.

ಹೊರಡುವಾಗ ಕುಂಕುಮವಿಟ್ಟು ಕರೆದೆ. "ನೋಡಾಣ" ಎಂದಷ್ಟೇ ಅಂದರು.

ಗೃಹಪ್ರವೇಶದ ಬೆಳಿಗ್ಗೆ, ಅಮ್ಮ ಒಲೆಯ ಮೇಲೆ ಹಾಲಿಡಲೊಲ್ಲದೆ ಕೂತಿರುವಾಗ, ದೊಡ್ಡಮ್ಮ ಮೊದಲ ಬಸ್ಸಿಗೇ ಬಂದಿಳಿದು, ನೆಟ್ಟಗೆ ಒಳಗೆ ನಡೆದು, ತಂಗಿಯ ಕೈ ಹಿಡಿದುಕೊಂಡರು.

"ಏನು ಹೆತ್ತಿದ್ದೀಯೇ ನೀನು? ಒಂದು ವಾರ ನನಗೆ ಬಾಯಿ ತೆಗ್ಯಕ್ಕೆ ಬಿಟ್ಟಿಲ್ಲ ಕಣೇ."

"ಅಯ್ಯೋ, ಇಲ್ಲೂ ಅದೇ ಪಾಡು ಅಕ್ಕ. ಇದ್ರೆ ಮೂಗಿ ಥರ ಇರ್ತಾಳೆ, ಬಾಯಿ ಬಿಟ್ರೆ ಬರೀ ಮರಳು."

ಮುನಿಸೇನೂ ಸೋರಿಹೋಗಿರಲಿಲ್ಲ. ಒಂದು ಕೋಶದಲ್ಲಿ ಒಂದು ಸಂಗತಿಯಷ್ಟೇ ಹಿಡಿಸುತ್ತದೆ. ದೊಡ್ಡಮ್ಮ ಹಳೆಯದನ್ನು ಅಳಿಸಿ ಅಲ್ಲಿ ನನ್ನನ್ನು ಬರೆದುಕೊಂಡಿದ್ದರು, ಇನ್ನು ದಿನವೂ ಕಾಫಿಯ ಹೊತ್ತಿಗೆ ತುಂಬಿಕೊಳ್ಳುವರು. ಅಕ್ಕತಂಗಿಯರು ಹಾಲಿಟ್ಟು ಒಲೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತು ನನ್ನನ್ನು ಮನಸಾರೆ ಬಯ್ಯುತ್ತಿದ್ದರು. ಹಾಲು ಉಕ್ಕುತ್ತಿದೆಯೆಂದು ಹೇಳೋಣವೆಂದುಕೊಂಡೆ; ನನ್ನ ಬಾಯಿಂದ ಇನ್ನೊಂದು ಮಾತು ಕೇಳುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.