ಬಯ್ಯುವಷ್ಟು ಉಸಿರು

ಸಾವಿರದ ಒಂಬೈನೂರ ನಲವತ್ತೈದರಲ್ಲಿ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮನೆಯಲ್ಲಿ ದುಡಿಯುವ ಕೈ ಒಂದು ಕಡಿಮೆಯಾಗಿತ್ತು, ನನ್ನ ಕೈ ಖಾಲಿ ಇತ್ತು, ಅಷ್ಟೇ. ಮಾಗಡಿ ರಸ್ತೆಯ ಒಂದು ಲೇತ್ ಅಂಗಡಿಯಲ್ಲಿ ಕಬ್ಬಿಣದ ತುರಿ ಗುಡಿಸುವುದರಿಂದ ಶುರುಮಾಡಿ, ಮೂವತ್ತು ತುಂಬುವುದರೊಳಗೆ ರಾಜಾಜಿನಗರದಲ್ಲಿ ನನ್ನದೇ ಶೆಡ್ಡು ಹಾಕಿದೆ. ಇದನ್ನು ಮೊದಲೇ ಹೇಳುತ್ತಿರುವುದು ಏಕೆಂದರೆ, ‘ಮೆಲ್ಲಗೆ ಮಾಡು’ ಎಂಬ ಮಾತು ನನಗೆ ಆಗಿಬರುವುದಿಲ್ಲ. ಮೆಲ್ಲಗೆ ಮಾಡಿದ್ದರೆ ಇವತ್ತೂ ತುರಿ ಗುಡಿಸುತ್ತಿದ್ದೆ.

ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಸ್ಕೂಟರು ಬಂತು. ಬಂದ ದಿನವೇ ಹಳೆಯ ಸೈಕಲ್ಲನ್ನು ಶೆಡ್ಡಿನ ಹಿಂದೆ ನಿಲ್ಲಿಸಿ ಗೋಣಿ ಹೊದಿಸಿದೆ. ಸ್ಕೂಟರಿನ ಹಿಂದೆಯೇ ಹೊಟ್ಟೆಯೂ ಬಂತು. ಎಪ್ಪತ್ತೈದರ ಸುಮಾರಿಗೆ, ಒಂದು ಬೆಳಿಗ್ಗೆ, ಎರಕದ ಗಾಲಿಯೊಂದನ್ನು ಎತ್ತಿ ದೊಡ್ಡ ಲೇತಿಗೆ ಕೂರಿಸುವಾಗ ಉಸಿರು ಸಿಗದೆ ಕೈಬಿಟ್ಟೆ. ಅದು ನನ್ನ ಕಾಲಿನ ಪಕ್ಕಕ್ಕೇ ಬಿತ್ತು. ಕೆಲಸದವರೆಲ್ಲ ನನ್ನ ಮುಖ ನೋಡಿದರು. ಅಯ್ಯೋ ಪಾಪ ಎನ್ನುವ ಆ ನೋಟ ನನಗೆ ಬೇಕಿರಲಿಲ್ಲ.

ಡಾಕ್ಟರು ಎದೆ, ಬೆನ್ನು ಎಲ್ಲ ನೋಡಿ, “ಹೀಗೇ ಬಿಟ್ರೆ ಲೇತಿನ ಮುಂದೆ ನಿಲ್ಲೋದು ಮರ್ತುಬಿಡಿ. ಕುರ್ಚಿ ಹಾಕ್ಕೊಂಡು ಬೇರೆಯವರು ಮಾಡೋದನ್ನ ನೋಡ್ತಾ ಕೂತಿರ್ಬೇಕಾಗತ್ತೆ” ಅಂದರು.

“ಏನ್ಮಾಡ್ಬೇಕು ಹೇಳಿ ಸಾರ್, ಮಾಡ್ತೀನಿ.”

“ಸೈಕಲ್ ತುಳೀರಿ. ಆದ್ರೆ ಜೋರಾಗಿ ಅಲ್ಲ. ಪಕ್ಕದಲ್ಲಿ ಬರೋರ ಜೊತೆ ಮಾತಾಡ್ತಾ ತುಳಿಯೋಕಾಗ್ಬೇಕು. ಮಾತು ನಿಂತ್ರೆ ಜಾಸ್ತಿ ಆಯ್ತು ಅಂತ. ಹಾಡು ಹೇಳ್ಕೊಂಡು ಹೋಗೋಷ್ಟು ಸಲೀಸಾಗಿದ್ರೆ ಸಾಲದು ಅಂತ.”

ಇದು ಕಸರತ್ತೋ ಹರಟೆಯೋ ಎಂದು ನನಗೆ ಮೈಯೆಲ್ಲ ಉರಿಯಿತು. ಮೈ ಮುರಿಯದೆ ಯಾವುದು ತಾನೇ ದಕ್ಕುತ್ತದೆ? ಕುರ್ಚಿಯ ಮಾತೊಂದನ್ನು ತಲೆಯಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಅವರ ಬಾಗಿಲಲ್ಲೇ ಬಿಟ್ಟು ಬಂದೆ.

ಮಾರನೆಯ ದಿನ ಗೋಣಿ ಕಿತ್ತು ಸೈಕಲ್ಲು ತೆಗೆದೆ. ಎದುರು ಮನೆಯವರು ಗೇಟಿನ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದರು. ಸರ್ಕಾರಿ ನೌಕರಿಯ ಮನುಷ್ಯ, ಪರರ ಮನೆಯ ಸುದ್ದಿಯೆಂದರೆ ಅವರಿಗೆ ತಿಂಡಿಗಿಂತ ರುಚಿ.

“ಏನ್ ಸ್ವಾಮಿ, ಸ್ಕೂಟರ್ ಕೊಟ್ಬಿಟ್ರಾ?”

“ಮನೇಲೇ ಇದೆ.”

“ಪೆಟ್ರೋಲಿಗೆ ಕಷ್ಟ ಏನೋ. ಬಿಡಿ, ಈ ಕಾಲದಲ್ಲಿ ಯಾರಿಗಿಲ್ಲ ಕಷ್ಟ?”

ಅವರು ಬಯ್ದಿದ್ದರೆ ಸಹಿಸುತ್ತಿದ್ದೆ, ಕನಿಕರ ತೋರಿಸಿದರು. ನಮ್ಮ ಬೀದಿಯಲ್ಲಿ ಸೈಕಲ್ಲಿನಿಂದ ಸ್ಕೂಟರಿಗೆ ಹೋದವನು ಮೇಲೆ ಬಂದವನು, ಸ್ಕೂಟರಿನಿಂದ ಸೈಕಲ್ಲಿಗೆ ಇಳಿದವನು ಮುಳುಗಿದವನು. ಆರೋಗ್ಯಕ್ಕೆ ತುಳಿಯುತ್ತೇನೆ ಎಂದರೆ ನಂಬುವವರು ಒಬ್ಬರೂ ಇರಲಿಲ್ಲ. ಹಾಗಾಗಿ ಎರಡನೆಯ ದಿನ ಒಂದು ಗೋಣಿಚೀಲಕ್ಕೆ ಎರಕದ ಚೂರುಗಳನ್ನು ತುಂಬಿ ಕ್ಯಾರಿಯರಿಗೆ ಬಿಗಿದೆ. ಕೆಲಸಕ್ಕೆ ಹೊರಟ ಮನುಷ್ಯನನ್ನು ಯಾರೂ ಏನೂ ಕೇಳುವುದಿಲ್ಲ. ಆ ಮೂಟೆ ದಿನಾ ನನ್ನ ಜೊತೆ ಹೊರಟು, ದಿನಾ ನನ್ನ ಜೊತೆಯೇ ವಾಪಸು ಬರುತ್ತಿತ್ತು. ತೂಕ ಇದ್ದರೆ ಒಳ್ಳೆಯದೇ, ಬೇಗ ಗುಣ ಕಾಣುತ್ತದೆ ಎಂದೂ ಲೆಕ್ಕ ಹಾಕಿದ್ದೆ.

ಬೆಳಗಿನ ಹೊತ್ತು ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಮಹಾಲಕ್ಷ್ಮಿ ಲೇಔಟಿನ ಏರು ಹತ್ತಿ ಲಗ್ಗೆರೆ ಕಡೆಗೆ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದರು. ನನ್ನ ಅರ್ಧ ವಯಸ್ಸಿನವರು. ಅವರು ನನ್ನನ್ನು ಹಿಂದೆ ಹಾಕುವುದು ನನಗೆ ಹಿಡಿಸಲಿಲ್ಲ. ಒಂದು ದಿನ ಮೂಟೆಯ ಸಮೇತ ಅವರ ಬೆನ್ನು ಹತ್ತಿದೆ.

“ಮಗಾ, ಹಿಂದೆ ನೋಡೋ, ಯಜಮಾನ್ರು ರೇಸಿಗೆ ಬಂದವ್ರೆ!”

“ತುಳಿ ಗುರು, ಬಿಡ್ಬೇಡ!”

ಏರು ಮುಗಿಯುವ ಮುನ್ನ ಕಣ್ಣು ಕತ್ತಲೆ ಬಂತು. ಸೈಕಲ್ಲನ್ನು ಬಿಸಾಕಿ ಮೋರಿ ಕಟ್ಟೆಯ ಮೇಲೆ ಕೂತು ವಾಂತಿ ಮಾಡಿಕೊಂಡೆ. ರೇಸು ಎಂದು ಕೂಗಿದ್ದವನೇ ತಿರುಗಿ ಬಂದು ಯಾರ ಮನೆಯಿಂದಲೋ ಒಂದು ಚೊಂಬು ನೀರು ತಂದ.

“ಕುಡೀರಿ ಅಣ್ಣ. ಮೂಟೆ ಎಲ್ಲಿಗೆ ಹೋಗ್ಬೇಕು ಹೇಳಿ, ನಾವೇ ತಲುಪಿಸ್ತೀವಿ.”

ಮೂಟೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮನೆಯ ದಿಕ್ಕಿಗೆ ಕೈ ತೋರಿಸಿದೆ. ಅವರು ನನ್ನನ್ನೂ ಮೂಟೆಯನ್ನೂ ಮನೆಗೆ ತಂದು ಬಿಟ್ಟರು. ಹೆಂಡತಿ ಚೀಲದ ಬಾಯಿ ಬಿಚ್ಚಿ ನೋಡಿದಳು.

“ಈ ಕಬ್ಬಿಣಾನ ಊರು ತೋರ್ಸೋಕೆ ಕರ್ಕೊಂಡು ಹೋಗಿದ್ರಾ?”

ಆಮೇಲೆ ಅಳುತ್ತ ಒಳಗೆ ಹೋದಳು. ಸಂಜೆಗೆ ಅವಳ ತಮ್ಮ ನಮ್ಮ ಮನೆಯಲ್ಲಿದ್ದ. ದಾರಿಯಲ್ಲೇ ಡಾಕ್ಟರನ್ನು ಕಂಡು ಎಲ್ಲ ಕೇಳಿಕೊಂಡು ಬಂದಿದ್ದ.

ಈ ಭಾವಮೈದನ ಬಗ್ಗೆ ಹೇಳಬೇಕು. ವಿಜಯನಗರದಲ್ಲಿ ಮನೆ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ನಾನು ಹೆಣ್ಣು ನೋಡಲು ಹೋದ ದಿನ ಇವನಿನ್ನೂ ಹೈಸ್ಕೂಲಿನಲ್ಲಿದ್ದ. ನಾನು ನಡುಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿರುವಾಗ ಒಳಗಿನಿಂದ, “ಓದು ಬಿಟ್ಟೋನಿಗೆ ಅಕ್ಕನ್ನ ಕೊಡ್ತೀರಾ?” ಎಂದು ಇವನು ಕೇಳಿದ್ದು ಗೋಡೆಯಾಚೆ ನನ್ನ ಕಿವಿಗೆ ಬಿತ್ತು. ಉಪ್ಪಿಟ್ಟನ್ನು ಪೂರ್ತಿ ತಿಂದೆ. ಮಾತನ್ನು ಮಾತ್ರ ನುಂಗಲಿಲ್ಲ. ಹಬ್ಬಹರಿದಿನಗಳಲ್ಲಿ ಬಾ, ಕೂತ್ಕೋ, ಊಟ ಮಾಡು, ಇಷ್ಟೇ ನಮ್ಮ ಸಂಬಂಧ.

“ನಾಳೆಯಿಂದ ನಾನೂ ಬರ್ತೀನಿ ಭಾವ. ಡಾಕ್ಟ್ರು ಹೇಳಿದ ಹಾಗೆ ಮಾತಾಡ್ತಾ ಹೋಗೋಣ.”

“ನಿನ್ನ ಹತ್ರ ನನಗೇನು ಮಾತು?”

“ಬಯ್ರಿ. ಅದಕ್ಕೂ ಉಸಿರು ಬೇಕಲ್ಲ.”

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಪ್ಪಿಕೊಂಡೆ, ಮತ್ತು ಅವನ ಮಾತನ್ನು ಅಕ್ಷರಶಃ ಪಾಲಿಸಿದೆ. ವಾರದ ದಿನಗಳಲ್ಲಿ ಬಸವೇಶ್ವರನಗರದ ಖಾಲಿ ಸೈಟುಗಳ ನಡುವೆ, ಭಾನುವಾರ ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೆ, ಹೋಗುತ್ತ ಬರುತ್ತ ಅವನನ್ನು ಬಯ್ದೆ. ಅವನ ಇಸ್ತ್ರಿ ಶರಟು, ಸ್ಕ್ರೂ ಬಿಗಿಯಲು ಬಾರದ ಅವನ ಕೈ, ಎಲ್ಲದಕ್ಕೂ ಗಾದೆ ಹೇಳುವ ಅವನ ಬಾಯಿ. ಉಪ್ಪಿಟ್ಟಿನ ವಿಷಯವನ್ನು ಮಾತ್ರ ತೆಗೆಯಲಿಲ್ಲ. ಅವನೂ ಸುಮ್ಮನಿರುವ ಪೈಕಿಯಲ್ಲ.

“ಲೇತಿನ ಸದ್ದಲ್ಲಿ ಕೂಗಿ ಕೂಗಿ ಅಭ್ಯಾಸ ನಿಮಗೆ. ಮೆಲ್ಲಗೆ ಬಯ್ರಿ, ಕೇಳಿಸತ್ತೆ.”

ಒಂದು ಭಾನುವಾರ ಕೆಂಗೇರಿಯಿಂದ ವಾಪಸು ಬರುತ್ತ, ಮೈಸೂರು ರಸ್ತೆ ಬಿಟ್ಟು ವಿಜಯನಗರದ ಕಡೆಗೆ ಏರು ಹತ್ತುತ್ತಿದ್ದೆವು. ‘ನಿನ್ನಂಥ ಸೋಮಾರಿ’ ಎಂದು ಶುರುಮಾಡಿದ ಮಾತು ಅಲ್ಲಿಗೇ ಕಡಿದುಹೋಯಿತು. ಮುಂದಿನ ಶಬ್ದ ಬಾಯಿಗೆ ಬರಲಿಲ್ಲ. ನಾನು ಹಲ್ಲು ಕಚ್ಚಿ ತುಳಿಯುತ್ತಲೇ ಇದ್ದೆ.

“ಯಾಕೆ ಭಾವ, ಬಯ್ಯೋದು ನಿಂತುಹೋಯ್ತು? ಇಳೀರಿ.”

ಇಳಿಯುವುದಿಲ್ಲವೆಂದು ತಲೆಯಾಡಿಸಿದೆ. ಅವನು ಮುಂದೆ ಹೋಗಿ ತನ್ನ ಸೈಕಲ್ಲನ್ನು ನನಗೆ ಅಡ್ಡ ನಿಲ್ಲಿಸಿದ. ಎದುರಿನ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ನೋಡಿದರು. ನಾನು ಇಳಿದೆ. ಮೂವತ್ತು ವರ್ಷ ಕಬ್ಬಿಣ ಹೇರಿಕೊಂಡು ಈ ಊರಿನ ಏರುಗಳನ್ನೆಲ್ಲ ಹತ್ತಿದ ಮನುಷ್ಯ, ಖಾಲಿ ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಆ ದಿನ ಅವನನ್ನು ಹೊಡೆಯಬೇಕೆನಿಸಿತ್ತು. ಏರಿನ ತಲೆಯಲ್ಲಿ ಉಸಿರು ವಾಪಸು ಬಂದಾಗ, ಬಿಟ್ಟ ಶಬ್ದದಿಂದಲೇ ಹಿಡಿದು ಮುಂದುವರಿಸಿದೆ: “...ಕಾಲೇಜಿನವರಿಗೆ ಹೇಗೆ ಸಿಕ್ಕಿದ್ನೋ!”

ಆದರೆ ಅಲ್ಲಿಂದ ಮುಂದೆ ಅದೇ ನಮ್ಮ ಅಳತೆಯಾಯಿತು. ಬಯ್ಗುಳ ಓಡುತ್ತಿದ್ದರೆ ತುಳಿಯುವುದು, ತಡವರಿಸಿದರೆ ನಿಧಾನಿಸುವುದು, ನಿಂತರೆ ಇಳಿಯುವುದು. ಬೇಸಿಗೆ ಹೋಗಿ ಮಳೆ ಬಂದು, ಮತ್ತೆ ಚಳಿ ಬರುವ ಹೊತ್ತಿಗೆ ಆ ಏರಿನ ಅರ್ಧದವರೆಗೆ ಬಯ್ಯಬಲ್ಲವನಾಗಿದ್ದೆ. ಆಮೇಲೆ ಪೂರ್ತಿ. ಎದುರು ಮನೆಯವರು ಈಗಲೂ ಸ್ಕೂಟರಿನ ಬಗ್ಗೆ ಕೇಳುತ್ತಾರೆ. ಹಲ್ಲುಜ್ಜಿ ಮುಗಿಸಿ ಎಂದು ಹೇಳಿ ಹೋಗುತ್ತೇನೆ.

ಮೊನ್ನೆ ಅದೇ ಏರಿನಲ್ಲಿ ನಾನು ಬಯ್ಯುತ್ತಲೇ ಇದ್ದೆ, ಪಕ್ಕದಿಂದ ಉತ್ತರವೇ ಬರಲಿಲ್ಲ. ತಿರುಗಿ ನೋಡಿದರೆ ಅವನ ಬಾಯಿ ತೆರೆದಿತ್ತು, ಮಾತಿರಲಿಲ್ಲ. ಅವನಿಗೂ ನಲವತ್ತರ ಹತ್ತಿರ.

“ಇಳಿಯೋ.”

“ಪರ್ವಾ...”

ನಾನು ಸೈಕಲ್ಲು ಅಡ್ಡ ನಿಲ್ಲಿಸಿದೆ. ಇಳಿದ. ನಾನೂ ಇಳಿದೆ, ಒಬ್ಬನೇ ಮುಂದೆ ಹೋದರೆ ಬಯ್ಯುವುದಾದರೂ ಯಾರನ್ನು? ತಳ್ಳಿಕೊಂಡು ಹೋಗುವಾಗ ಕೇಳಿಯೇಬಿಟ್ಟೆ.

“ಅವತ್ತು ಒಳಗೆ ಹೇಳಿದ್ಯಲ್ಲ, ಓದು ಬಿಟ್ಟೋನಿಗೆ ಅಕ್ಕನ್ನ ಕೊಡ್ತೀರಾ ಅಂತ. ನನಗೆ ಕೇಳಿಸ್ತು.”

ಅವನು ನಿಂತು, ಹ್ಯಾಂಡಲ್ಲಿಗೆ ಒರಗಿ ಏದುಸಿರು ಬಿಟ್ಟ.

“ಕೇಳಿಸ್ಲಿ ಅಂತಾನೇ ಹೇಳಿದ್ದು ಭಾವ.”

“ಈಗ ಏನಂತೀಯ?”

“ಇರಿ... ಉಸಿರು ಬರ್ಲಿ... ಈಗ್ಲೂ ಅದನ್ನೇ ಕೇಳ್ತೀನಿ.”

ಇಂಥವನನ್ನು ಕ್ಷಮಿಸುವುದು ಹೇಗೆ? ಕ್ಷಮಿಸಿಲ್ಲ. ಅವನಿಗೆ ಮಾತು ಪೂರ್ತಿ ವಾಪಸು ಬರುವವರೆಗೆ ಕಾದು, ಆಮೇಲೆ ಇಬ್ಬರೂ ಸೈಕಲ್ಲು ಹತ್ತಿದೆವು. ಮನೆ ಮುಟ್ಟುವವರೆಗೂ ಬಯ್ದೆ.

ಎರಕದ ಗಾಲಿಯನ್ನು ಲೇತಿಗೆ ಎತ್ತಿ ಕೂರಿಸುವುದು ಈಗಲೂ ನಾನೇ. ಶೆಡ್ಡಿನಲ್ಲಿ ನನಗೆಂದು ಕುರ್ಚಿ ಹಾಕಿಲ್ಲ. ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಶೆಡ್ಡು, ಅದರಲ್ಲಿ ಮೂರು ಲೇತು, ಒಂದು ಮನೆ, ಒಬ್ಬ ಹೆಂಡತಿ, ಒಂದು ಸ್ಕೂಟರು, ಒಂದು ಸೈಕಲ್ಲು, ಒಬ್ಬ ಭಾವಮೈದ.