ಒಬ್ಬನೇ ಕೂಡುವ ಫಟಫಟಿ

ನಾನು ಮುಂಗೋಪಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಇಷ್ಟು ವರ್ಷವಾದ ಮೇಲೂ ಎಲ್ಲ ತಪ್ಪನ್ನು ಆ ಗಾಡಿಯ ತಲೆಗೆ ಕಟ್ಟಿ ಕೈ ತೊಳೆದುಕೊಂಡುಬಿಡುತ್ತೇನೆ.

ಎರಡನೆಯ ದೊಡ್ಡ ಯುದ್ಧಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಹೈದರಾಬಾದಿನ ಒಂದು ಮೋಟಾರು ಅಂಗಡಿಯವರು ನನ್ನನ್ನು ಹುಮನಾಬಾದಿಗೆ ಏಜೆಂಟನನ್ನಾಗಿ ಕಳಿಸಿದರು. ಜತೆಗೆ ಒಂದು ಹಗುರ ಮೋಟಾರ್ ಸೈಕಲ್ಲು ಕೊಟ್ಟರು. ನಮ್ಮ ಕಡೆ ಅದಕ್ಕೆ ಫಟಫಟಿ ಎಂದೇ ಹೆಸರು. ದೂರದ ಪ್ರಯಾಣಕ್ಕೆಂದೇ ಮಾಡಿದ್ದಂತೆ. ಒಬ್ಬ ಮನುಷ್ಯ ಕೂಡಬೇಕು, ಹಿಂದೆ ಅವನ ಗಂಟು ಕಟ್ಟಬೇಕು, ಅಷ್ಟೇ. ಎರಡನೆಯವರಿಗೆ ಜಾಗವಿಲ್ಲ. ದಸರೆಯೊಳಗೆ ಒಂದಾದರೂ ಮಾರಿದರೆ ಕೆಲಸ ಕಾಯಂ, ಇಲ್ಲವಾದರೆ ಗಾಡಿ ಒಪ್ಪಿಸಿ ನಿನ್ನ ದಾರಿ ನೀ ನೋಡಿಕೋ ಎಂದು ಕರಾರು.

ಆ ಕೆಲಸ ನನಗೆ ಬೇಕೇ ಬೇಕಿತ್ತು. ನನಗೆ ಹಿಂದಿಲ್ಲ ಮುಂದಿಲ್ಲ. ತಂದೆತಾಯಿ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರು. ಹುಮನಾಬಾದಿನಲ್ಲಿ ಒಬ್ಬ ಮುದುಕಿಯ ಮನೆಯ ಒಂದು ಖೋಲಿಯಲ್ಲಿ ಬಾಡಿಗೆಗಿದ್ದೆ. ಹೆಂಡತಿ ಚೊಚ್ಚಲ ಬಸುರಿ, ಕಲ್ಯಾಣಿಯ ತವರಿಗೆ ಹೋಗಿದ್ದಳು. ಈಗಿನ ಬಸವಕಲ್ಯಾಣಕ್ಕೆ ಆಗ ಹಾಗೇ ಅನ್ನುತ್ತಿದ್ದೆವು. ಹೋಗುವಾಗ ಅವಳು ಹೇಳಿದ್ದು ಒಂದೇ ಮಾತು: "ತೊಟ್ಟಿಲಾ ಕಟ್ಟಾಕ ತೊಲಿ ಇರೂ ಮನಿ ನೋಡ್ರಿ." ಕೆಲಸ ಕಾಯಂ ಆದರೆ ಮನೆ, ಮನೆಯಾದರೆ ಹೆಂಡತಿ, ಕೂಸು. ಹಗಲೆಲ್ಲ ಅದೇ ಧ್ಯಾನ.

ಗಾಡಿ ನೋಡಲು ಜನ ಕಡಿಮೆಯಿರಲಿಲ್ಲ. ಸಂತೆಯಲ್ಲಿ ನಿಲ್ಲಿಸಿದರೆ ಜಾತ್ರೆಯಷ್ಟು ಮಂದಿ. ಮುಟ್ಟುವವರೇನು, ಹಾರ್ನು ಒತ್ತುವವರೇನು! ಕೊನೆಗೆ ಒಬ್ಬ ಗಂಟು ಕಟ್ಟುವ ಹಿಂದಿನ ಕಬ್ಬಿಣದ ಜಾಲಿ ತಟ್ಟಿ ಕೇಳುತ್ತಿದ್ದ: "ಮತ್ತ ಮನಿ ಮಂದಿ ಎಲ್ಲಿ ಕೂಡ್ತಾರ್ರಿ?" ಒಬ್ಬರೇ ಕೂಡುವುದು ಎಂದರೆ ಅವನ ಮುಖದಲ್ಲಿ ಮರುಕ. ನಮ್ಮ ಕಡೆ ಲಗ್ನಕ್ಕಿರಲಿ, ದವಾಖಾನೆಗಿರಲಿ, ಬಂಡಿ ತುಂಬಿಯೇ ಹೊರಡುವುದು. ಒಬ್ಬನೇ ಹೋಗುವವನು ಯಾರೂ ಇಲ್ಲದವನು. ಜನ ಚದುರಿದ ಮೇಲೆ ಗಾಡಿ, ನಾನು, ಇಬ್ಬರೇ ಉಳಿಯುತ್ತಿದ್ದೆವು. ಅಂಗಡಿಗೆ ಬರೆದರೆ, ಒಬ್ಬನೇ ಹೋಗುವುದೇ ಇದರ ಸುಖ, ಅದನ್ನು ತಿಳಿಸಿ ಹೇಳು ಎಂದು ಉತ್ತರ ಬಂತು. ಹೇಳಿದೆನಪ್ಪಾ, ಗಂಟಲು ಹರಿಯುವಂತೆ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಇನ್ನೊಂದು ರಿವಾಜು ನನ್ನ ತಲೆ ತಿನ್ನುತ್ತಿತ್ತು. ದಾರಿಯಲ್ಲಿ ಎದುರಾದವರನ್ನು ಮಾತಾಡಿಸದೆ ದಾಟುವಂತಿಲ್ಲ. ಎಲ್ಲಿಗೆ ಎಂದು ಕೇಳಿದರೆ ಅಪಶಕುನ, ಅದಕ್ಕೇ "ದೂರ ಹೊಂಟೀರೇನ್ರಿ?" ಎನ್ನುತ್ತಾರೆ. ನಿಂತು ಯಾವೂರಿಗೆ, ಯಾರ ಮನೆಗೆ, ಯಾವತ್ತು ತಿರುಗಿ ಬರುವುದು, ಎಲ್ಲ ಹೇಳಬೇಕು. ಹೊಲದಲ್ಲಿದ್ದವನು ಕೈ ಎತ್ತಿದರೂ ನಿಲ್ಲಬೇಕು. ನಿಲ್ಲಿಸಿದರೆ ಫಟಫಟಿ ಆರುತ್ತಿತ್ತು. ಮತ್ತೆ ಹತ್ತು ಸಲ ಒದೆಯಬೇಕು. ಕ್ರಮೇಣ ನಾನು ನಿಲ್ಲಿಸುವುದನ್ನೇ ಬಿಟ್ಟೆ.

ಹುಡಗಿ ಎಂಬ ಊರಿನ ಗೌಡರೊಬ್ಬರು ಮಾತ್ರ ಮನಸ್ಸು ಮಾಡಿದರು. ಐವತ್ತರ ಗಟ್ಟಿ ಆಳು. ಮೂರೇ ದಿನಕ್ಕೆ ಗಾಡಿ ಹೊಡೆಯಲು ಕಲಿತರು. ನಾಲ್ಕನೆಯ ದಿನ ತಾವೇ ದುಬಲಗುಂಡಿಯ ತನಕ ಹೋಗಿ ಬರುತ್ತೇನೆಂದು ಹೊರಟರು. ಕಟ್ಟೆಯ ಮೇಲೆ ಕೂತು ಮನಸ್ಸಿನಲ್ಲೇ ಮನೆ ಹಿಡಿದೆ, ತೊಲೆಗೆ ತೊಟ್ಟಿಲೂ ಕಟ್ಟಿದೆ. ಗೌಡರು ತಿರುಗಿ ಬಂದರು, ಇಳಿದರು, ಧೋತರದ ಚುಂಗಿನಿಂದ ಮುಖದ ಧೂಳು ಒರೆಸಿಕೊಂಡರು.

"ಗಾಡಿ ಚೊಲೊ ಅದ ತಮ್ಮಾ. ಆದ್ರ ನನಗ ಬ್ಯಾಡ."

"ಯಾಕ್ರಿ ಗೌಡ್ರ? ಏನ್ ಕಮ್ಮಿ ಆಯ್ತು?"

"ದಾರ್ಯಾಗ ಏಳೆಂಟು ಮಂದಿ ಸಿಕ್ರು. ಒಬ್ಬರನ್ನೂ ಮಾತಾಡ್ಸಲಿಲ್ಲ. ನಾಳಿ ಹಳ್ಳದಾಗ ಬಿದ್ದು ಸತ್ರ, ಗೌಡ ಎತ್ತ ಹೋದ ಅಂತ ಹೇಳಾಕ ಒಬ್ಬರರೆ ಬೇಕಲ್ಲ?"

ನನಗೆ ಪಿತ್ತ ನೆತ್ತಿಗೇರಿತು. "ಎತ್ತ ಹೋದ್ರಿ ಅಂತ ಊರಿಗೆಲ್ಲ ಲೆಕ್ಕ ಕೊಡೂದಿದ್ರ ಎತ್ತಿನ ಬಾಲಾನೇ ಹಿಡ್ಕೊಂಡಿರ್ರಿ!" ಎಂದುಬಿಟ್ಟೆ. ಗೌಡರು ಸಿಟ್ಟಾಗಲಿಲ್ಲ. ಊಟ ಮಾಡಿಕೊಂಡು ಹೋಗು ಎಂದರು. ನಾನು ನಿಲ್ಲಲಿಲ್ಲ.

ಮರುದಿನ ಗಂಟು ಕಟ್ಟಿ ಹೊರಟೆ. ದೂರದ ಊರುಗಳಲ್ಲಾದರೂ ಒಬ್ಬ ಬುದ್ಧಿವಂತ ಸಿಗಲಾರನೇ ಎಂಬ ಹಟ. ಮನೆಯ ಮುದುಕಿ ಹೊಸ್ತಿಲಲ್ಲಿ ನಿಂತು ಕೇಳಿದಳು, "ದೂರ ಹೊಂಟೀ ಏನಪಾ?" ಹೂಂ ಎಂದೆ. ಊರಿನ ಹೆಸರು ಹೇಳಲಿಲ್ಲ. ಹೇಳಲು ನನಗೇನು ಬಾಯಿ ಬಿದ್ದುಹೋಗಿತ್ತೇ? ಇವತ್ತಿಗೂ ಆ ಹೂಂ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಕೊಡಂಬಲ, ಚಿಟಗುಪ್ಪ, ಅಲ್ಲಿಂದ ಬೀದರಿನ ಆಚೆ. ಹನ್ನೆರಡು ದಿನ ತಿರುಗಿದೆ. ಎಷ್ಟೋ ಕೈಗಳು ಎದ್ದವು, ಒಂದಕ್ಕೂ ನಿಲ್ಲಿಸಲಿಲ್ಲ. ಗುಡಿಯಲ್ಲಿ, ಚಾವಡಿಯಲ್ಲಿ ಮಲಗಿದೆ. ನಾಲ್ಕನೆಯ ದಿನವೋ ಐದನೆಯ ದಿನವೋ ಒಂದು ಬಾವಿಯ ಬದಿಗೆ ಕೂತು ಒಣರೊಟ್ಟಿ ಕಡಿಯುವಾಗ, ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂಬುದು ಹೊಳೆಯಿತು. ಪಕ್ಕದಲ್ಲಿ ಮಲಗಿದ್ದ ಎಮ್ಮೆಯನ್ನು "ಏನವಾ, ಹ್ಯಾಂಗಿದ್ದೀ?" ಎಂದು ಮಾತಾಡಿಸಿದೆ. ಅದೂ ಎದ್ದುಹೋಯಿತು. ನಗು ಬಂತು, ಹಿಂದೆಯೇ ಅಳು ಬಂತು. ಯಾರೂ ಕೇಳದಿರಲಿ ಎಂದು ಹೊರಟವನಿಗೆ ಯಾರಾದರೂ ಕೇಳಿದರೆ ಸಾಕಾಗಿತ್ತು. ಆದರೂ ತಿರುಗಲಿಲ್ಲ.

ಗಾಡಿ ಮಾರಾಟವಾಗಲಿಲ್ಲ. ಹುಮನಾಬಾದಿಗೆ ಬಂದಾಗ ಮುದುಕಿ ಓಡಿಬಂದಳು. "ನಿಮ್ಮ ಮಾವ ಎರಡ್ ಸಲ ಬಂದಿದ್ರಪಾ. ಎಲ್ಲಿ ಹೋಗ್ಯಾನ ಅಂದ್ರ ನಾ ಏನಂತ ಹೇಳಲಿ?" ನೀರೂ ಕುಡಿಯದೆ ಕಲ್ಯಾಣಿಗೆ ಗಾಡಿ ತಿರುಗಿಸಿದೆ.

ಮಾವ ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದು ಕಾಲಿಗೆ ನೀರು ಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಂಟ್ ತಿಂಗಳಿಗೇ ಹುಟ್ಟಿತ್ರಿ. ಗಂಡು," ಎಂದರು. "ಸುರುವಿನಿಂದ್ಲೇ ಹಾಲು ಹಿಡೀಲಿಲ್ಲ. ನಿಮ್ಮನ್ನ ಕರ್ಕೊಂಡ್ ಬರೂಣು ಅಂತ ಟಾಂಗಾ ಕಟ್ಟಿಸಿ ಬಂದೆ. ಹುಡಗಿಯಾಗ ಕೇಳಿದೆ, ದುಬಲಗುಂಡಿಯಾಗ ಕೇಳಿದೆ. ಯಾರಿಗೂ ಗೊತ್ತಿಲ್ಲ. ಕೊಡಂಬಲದಾಗ ಒಬ್ಬಾಂವ ಸಪ್ಪಳ ಕೇಳ್ಯಾನ. ಕೈ ಎತ್ತಿದ್ನಂತ, ನೀವು ನಿಂದರಲಿಲ್ಲಂತ. ಮುಂದ ಎತ್ತ ಅಂತ ಹುಡುಕಲ್ರಿ?"

ತಂಬಿಗೆ ಕೆಳಗಿಟ್ಟು ಹೇಳಿದರು: "ಆರು ದಿನ ಇತ್ತು. ನಾನೇ ಮಣ್ಣು ಕೊಟ್ಟೆ."

ಆರು ದಿನ ನಾನು ಒಂದು ಮಗುವಿನ ತಂದೆಯಾಗಿದ್ದೆ. ಕಲ್ಯಾಣಿಯ ಓಣಿಗೆಲ್ಲ ಗೊತ್ತಿತ್ತು, ನನ್ನೊಬ್ಬನಿಗೇ ಗೊತ್ತಿರಲಿಲ್ಲ. ಬಹುಶಃ ಆ ಎಮ್ಮೆಯೊಡನೆ ಮಾತಾಡುತ್ತ ಕೂತಾಗ ಕೂಸು ಇನ್ನೂ ಉಸಿರಾಡುತ್ತಿತ್ತು. ಯಾವನೋ ಒಬ್ಬ ಕೈ ಎತ್ತಿದಾಗ ನಿಂತು, ಬೀದರಿಗೆ ಹೊರಟೆ ಎಂದಿದ್ದರೆ ಸಾಕಿತ್ತು. ಮಗನ ಮುಖ ನೋಡುತ್ತಿದ್ದೆ.

ಒಳಕೋಣೆಯಲ್ಲಿ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಬಾಣಂತಿಯ ಬಟ್ಟೆ ಕಟ್ಟಿತ್ತು. ನಾನು ಬಾಗಿಲಲ್ಲೇ ಕೂತೆ. ಅವಳೇ ಕೇಳಿದಳು.

"ಗಾಡಿ ಯಾರರೆ ತಗೊಂಡ್ರೇನ್ರಿ?"

"ಇಲ್ಲ," ಎಂದೆ.

"ಚೊಲೊ ಆಯ್ತು ಬಿಡ್ರಿ," ಎಂದಳು. "ಪಾಪ, ಅವರ ಮನಿಯವ್ರು ಎಲ್ಲೆಲ್ಲಿ ಅಂತ ಹುಡುಕಬೇಕಿತ್ತು."